ಹುತ್ತದ ಪಕ್ಕದ ಬಾವಿ

ಮೂವತ್ತನಾಲ್ಕು ವರ್ಷ ನಾನು ಬೇರೆಯವರ ಮಂಚದ ಕೆಳಗೆ, ಸಿಂಕಿನ ಕೆಳಗೆ, ಅಟ್ಟದ ಮೇಲೆ ಮಂಡಿಯೂರಿ ಬದುಕಿದವನು. ಈಗ ಬೆಳಗಾವಿಯ ಶಿವಬಸವ ನಗರದ ಮನೆಯಲ್ಲಿ ಸುಮ್ಮನೆ ಕುರ್ಚಿಯ ಮೇಲೆ ಕೂತರೂ ಮೊಣಕಾಲು ನೋಯುತ್ತದೆ. ಜಿರಳೆ, ತಿಗಣೆ, ಗೆದ್ದಲು, ಇರುವೆ, ಇವನ್ನೆಲ್ಲ ಮನೆಯಿಂದ ಹೊರಗಿಡುವುದು ನನ್ನ ಕಸುಬಾಗಿತ್ತು. ಯಾರಾದರೂ ಕೇಳಿದರೆ ನನ್ನ ಹೆಂಡತಿ, "ಔಷಧದ ಕಂಪನಿಯಾಗ ಅದಾರ್ರಿ" ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ಕೇಳಿದವರು ನನ್ನನ್ನು ಡಾಕ್ಟರುಗಳ ಬಾಗಿಲಿಗೆ ಬ್ಯಾಗು ಹಿಡಿದು ಹೋಗುವವನೆಂದು ತಿಳಿದರೆ ಅವಳಿಗೇನೂ ಬೇಸರವಿರಲಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಆಗಾಗ ಫೋನ್ ಮಾಡುತ್ತಾರೆ. ಯಾವ ಔಷಧ, ಲೀಟರಿಗೆ ಎಷ್ಟು, ಎಷ್ಟು ದಿನ ಬಿಟ್ಟು ಮತ್ತೆ ಹೊಡೆಯಬೇಕು, ಇಷ್ಟೇ ಪ್ರಶ್ನೆ. ಅಲ್ರಪ್ಪಾ, ಅದೆಲ್ಲ ಡಬ್ಬಿಯ ಮೇಲೇ ಇರುತ್ತದೆ, ಕನ್ನಡಕ ಹಾಕಿಕೊಂಡು ಓದಿಕೊಳ್ಳಿ. ಡಬ್ಬಿಯ ಮೇಲೆ ಇಲ್ಲದ್ದನ್ನು ನಾನು ಇಲ್ಲಿ ಬರೆಯುತ್ತೇನೆ. ಬಡ್ತಿ, ಸನ್ಮಾನ, ಶಾಲು ಇವುಗಳ ಸುದ್ದಿ ಬೇಡ. ಸಿಕ್ಕ ಶಾಲು ಒಂದೇ, ಅದನ್ನೂ ಬೆಳ್ಳಿಮೀನು ಹುಳ ತಿಂದಿತು. ನನ್ನ ಕಸುಬಿಗೆ ಅದಕ್ಕಿಂತ ದೊಡ್ಡ ಅವಮಾನ ಬೇಕೆ?

ಮೊದಲು ಕಲಿಯಬೇಕಾದದ್ದು ಹುಳದ ಬಗ್ಗೆ ಅಲ್ಲ, ನಾಚಿಕೆಯ ಬಗ್ಗೆ. ನಾನು ಕೆಲಸಕ್ಕೆ ಸೇರಿದ ಹೊಸತು. ಕ್ಯಾಂಪ್ ಬಡಾವಣೆಯ ಒಂದು ಹಳೆಯ ಬಂಗಲೆಯಿಂದ ಕರೆ ಬಂತು. ತಿಗಣೆ. ಆ ಮನೆಯ ಒಡತಿ, ಬಾಯಿಯವರು, ಫೋನಿನಲ್ಲಿ ಪಿಸುಮಾತಿನಲ್ಲೇ ಅಪ್ಪಣೆ ಕೊಟ್ಟರು: ಸ್ಕೂಟರನ್ನು ದೂರ ಚರ್ಚಿನ ಮೂಲೆಯಲ್ಲಿ ನಿಲ್ಲಿಸಬೇಕು, ಔಷಧದ ಪಂಪನ್ನು ಗೋಣಿಚೀಲದಲ್ಲಿ ಸುತ್ತಿ ತರಬೇಕು, ದಾರಿಯಲ್ಲಿ ಯಾರಾದರೂ ಕೇಳಿದರೆ ಫ್ಯಾನ್ ರಿಪೇರಿಗೆ ಬಂದಿದ್ದೇನೆ ಅನ್ನಬೇಕು. ನಾನು ಹಾಗೇ ಮಾಡಿದೆ. ಪಕ್ಕದ ಮನೆಯ ಮುದುಕರೊಬ್ಬರು ಗೇಟಿನಲ್ಲೇ ನಿಂತಿದ್ದರು, ಕೇಳಿದರು, ಫ್ಯಾನ್ ರಿಪೇರಿ ಅಂದೆ. ಮುಗಿಸಿ ಹೊರಗೆ ಬಂದರೆ ಅವರು ಇನ್ನೂ ಅಲ್ಲೇ ಇದ್ದಾರೆ, ತಮ್ಮ ಮನೆಯದೂ ಒಂದು ಫ್ಯಾನ್ ಕಿರುಗುಟ್ಟುತ್ತದೆ ಎಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ನಾನು ಸ್ಟೂಲು ಹತ್ತಿ ಎರಡು ಹನಿ ಎಣ್ಣೆ ಬಿಟ್ಟು ಬಂದೆ. ಕಿರುಗುಟ್ಟುವುದು ನಿಂತಿತಂತೆ. ಒಂದು ವಾರದ ಮೇಲೆ ಆ ಮುದುಕರದೇ ಫೋನು. ಅವರೂ ಪಿಸುಗುಟ್ಟುತ್ತಿದ್ದರು. ಅವರ ಮನೆಯಲ್ಲೂ ತಿಗಣೆ.

ಇದನ್ನು ಹೇಳಿ ನಾನು ಬಹಳ ಸಲ ನಗಿಸಿದ್ದೇನೆ. ಆದರೆ ಅಂದು ಆ ಬಾಯಿಯವರು ಹಾಸಿಗೆ ಎತ್ತಿ ತೋರಿಸುವಾಗ ಕಣ್ಣಲ್ಲಿ ನೀರು ತಂದುಕೊಂಡಿದ್ದರು. ದಿನಾ ಎರಡು ಸಲ ನೆಲ ಒರೆಸುವ ಹೆಂಗಸು. ತಿಗಣೆಗೂ ಹೊಲಸಿಗೂ ಸಂಬಂಧವಿಲ್ಲ, ಅದು ರೈಲಿನಲ್ಲಿ, ಸೂಟ್‌ಕೇಸಿನಲ್ಲಿ, ನೆಂಟರ ಹೊದಿಕೆಯಲ್ಲಿ ಬರುತ್ತದೆ ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ, ನನಗೇ ಆಗ ಗೊತ್ತಿರಲಿಲ್ಲ. ಆಮೇಲೆ ಗೊತ್ತಾದ ಮೇಲೆ ಪಂಪು ಕೆಳಗಿಡುವ ಮೊದಲು ಆ ಮಾತು ಹೇಳುವುದನ್ನು ರೂಢಿ ಮಾಡಿಕೊಂಡೆ. ಮಾತು ಕೇಳಿದ ಕೂಡಲೇ ಮನೆಯವರ ಮುಖ ಸಡಿಲಾಗುತ್ತದೆ. ಆಮೇಲೆ ಅವರು ಯಾವ ಮೂಲೆಯನ್ನೂ ಮುಚ್ಚಿಡುವುದಿಲ್ಲ, ನಿಮ್ಮ ಕೆಲಸ ಅರ್ಧ ಆದಂತೆಯೇ.

ನಮ್ಮ ಸಾಹೇಬರ ಬಗ್ಗೆ ಹೇಳಬೇಕು. ಅಂಗಡಿಯಷ್ಟೇ ಅಗಲದ ಆಫೀಸು, ಅದರಲ್ಲಿ ಅವರು, ನಾನು, ಇನ್ನಿಬ್ಬರು. ಬೈಲಹೊಂಗಲದ ಕಡೆಯ ಒಕ್ಕಲುತನದ ಮನೆಯವರು, ದನಿ ದೊಡ್ಡದು, ಬೈಗುಳ ಅದಕ್ಕಿಂತ ದೊಡ್ಡದು. ಬೈದ ಐದು ನಿಮಿಷಕ್ಕೆ ಚಹಾ ತರಿಸುವರು. ನನಗೆ ಹೇಳುತ್ತಿದ್ದ ಅವರ ಸಿದ್ಧಾಂತ ಒಂದೇ: "ಬಾಳೂ, ಜಿರಳಿ ಸತ್ತರ ಸಾಲಂಗಿಲ್ಲೋ. ಸತ್ತೈತಿ ಅಂತ ಮನಿಯವರಿಗೆ ಅನಸಬೇಕು."

ಹಿಂದೆ ಜಿರಳೆಗೆ ಔಷಧ ಹೊಡೆಯುವುದೆಂದರೆ ಒಂದು ಸಣ್ಣ ಮದುವೆಯಷ್ಟು ಗದ್ದಲ. ಪಾತ್ರೆ ಪಡಗವೆಲ್ಲ ಅಂಗಳಕ್ಕೆ, ಮಕ್ಕಳು ಅಜ್ಜಿಯ ಮನೆಗೆ, ಎರಡು ದಿನ ಮೂಗು ಹಿಡಿದುಕೊಂಡು ಓಡಾಟ. ವಾಸನೆ ಘಾಟಾಗಿ ಬಡಿದಷ್ಟೂ ಜನಕ್ಕೆ ಸಮಾಧಾನ. ಆಮೇಲೆ ಜೆಲ್ ಬಂತು. ಸಾಸಿವೆ ಕಾಳಿನಷ್ಟು ಚುಕ್ಕೆಯನ್ನು ಕಪಾಟಿನ ಸಂದಿಯಲ್ಲಿ, ಬಾಗಿಲ ತಿರುಗಣಿಯ ಮಗ್ಗುಲಲ್ಲಿ ಇಡುವುದು, ಅಷ್ಟೇ. ಜಿರಳೆ ತಾನೂ ತಿಂದು ಸಾಯುತ್ತದೆ, ಸತ್ತದ್ದನ್ನು ತಿಂದ ಇನ್ನೊಂದು ಜಿರಳೆಯೂ ಸಾಯುತ್ತದೆ. ಒಳ್ಳೆಯ ಪದ್ಧತಿ, ಆದರೆ ಯಾರೂ ನಂಬಲಿಲ್ಲ. ವಾಸನೆಯೇ ಇಲ್ಲವಲ್ಲ, ಇದೇನು ಔಷಧ ಎಂದು ಒಬ್ಬ ಮಾಸ್ತರರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಣೆ ಮಾಡಿದರು. ಸಾಹೇಬರು ಉಪಾಯ ಹುಡುಕಿದರು. ಜೆಲ್ ಇಟ್ಟ ಮೇಲೆ ಮೂಲೆಗಳಿಗೆಲ್ಲ ಒಂದಿಷ್ಟು ಫಿನಾಯಿಲ್ ಒರೆಸಿ ಬರುವುದು. ಜನ ಮೂಗು ಅರಳಿಸಿ ಖುಷಿಪಟ್ಟರು. ಫಿನಾಯಿಲ್ ವಾಸನೆಗೆ ಜಿರಳೆಗಳು ಜೆಲ್ ಇದ್ದ ಮೂಲೆಗೆ ಕಾಲಿಡದೆ ದೇವರ ಕೋಣೆಗೆ ವಲಸೆ ಹೋದವು. ಎರಡು ವಾರ ಆಫೀಸಿನ ಫೋನಿಗೆ ಬಿಡುವೇ ಇರಲಿಲ್ಲ. ಸಾಹೇಬರು ಫೋನು ಎತ್ತಿ ನನ್ನ ಕೈಗೆ ಕೊಟ್ಟು ಚಹಾಕ್ಕೆ ಹೋಗುತ್ತಿದ್ದರು.

ಇವೆಲ್ಲ ನಗುವ ತಪ್ಪುಗಳು. ಹೇಳಲೇಬೇಕಾದದ್ದು ಬೇರೆ ಇದೆ. ಅದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿಲ್ಲ, ಹೆಂಡತಿಗೂ ಅರ್ಧವೇ ಗೊತ್ತು.

ನಿವೃತ್ತಿಗೆ ಎರಡು ವರ್ಷ ಇರುವಾಗಿನ ಮಾತು. ಖಾನಾಪುರ ದಾಟಿ ಜಾಂಬೋಟಿಯ ಕಡೆ, ಕಾಡಿನ ಅಂಚಿನಲ್ಲಿ ಒಂದು ಮನೆ. ಮನೆಯ ಯಜಮಾನಿ ಯಲ್ಲೂಬಾಯಿ. ಎಪ್ಪತ್ತರ ಹತ್ತಿರದವರು, ಎಮ್ಮೆ ಕಾಯುತ್ತ ಬೆಳೆದ ಮನೆತನ, ಈಗಲೂ ಕೊಟ್ಟಿಗೆಯಲ್ಲಿ ನಾಲ್ಕು ಎಮ್ಮೆ. ಮಗ ಬಸ್ ಕಂಡಕ್ಟರ್, ಸೊಸೆ ಸುನೀತಾ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು, ಎಂಟು ತಿಂಗಳ ಒಂದು ಹೆಣ್ಣು ಕೂಸು. ಮನೆಯವರೆಲ್ಲ ಒಂದು ಮಾತು ಕನ್ನಡ, ಒಂದು ಮಾತು ಮರಾಠಿ. ಗೆದ್ದಲು ಹಿತ್ತಲ ಗೋಡೆಯಿಂದ ಹತ್ತಿ ಬಾಗಿಲ ಚೌಕಟ್ಟು ತಿಂದು, ಅಟ್ಟದ ತೊಲೆಗೆ ಬಾಯಿ ಹಾಕಿತ್ತು. ಕಂಡಕ್ಟರ ಸಾಹೇಬನ ಹತ್ತನೇ ಇಯತ್ತೆಯ ಸರ್ಟಿಫಿಕೇಟನ್ನೂ ತಿಂದು ಮುಗಿಸಿತ್ತು.

ಹಿತ್ತಲಲ್ಲಿ ಗೋಡೆಯಿಂದ ಎಂಟು ಹೆಜ್ಜೆಗೆ ಆಳೆತ್ತರದ ಹುತ್ತ. ಅದರಾಚೆ ಹದಿನೈದು ಹೆಜ್ಜೆಗೆ ಬಾವಿ, ಕುಡಿಯುವುದಕ್ಕೂ ಎಮ್ಮೆಗೂ ಅದೇ. ಗೆದ್ದಲು ಎಲ್ಲಿಂದ ಬರುತ್ತಿದೆ ಎಂದು ಕೇಳಬೇಕಾಗಿಯೇ ಇರಲಿಲ್ಲ. ಆದರೆ ಹುತ್ತಕ್ಕೆ ಅರಿಶಿನ, ಕುಂಕುಮ, ಒಣಗಿದ ಹೂವಿನ ಸರ. ಪ್ರತಿ ವರ್ಷ ನಾಗರ ಪಂಚಮಿಗೆ ಆ ಮನೆಯ ಹೆಂಗಸರು ಹಾಲೆರೆಯುವುದು ಅಲ್ಲೇ. ನಾನು ಹುತ್ತದ ಕಡೆ ನೋಡಿದ್ದನ್ನು ಯಲ್ಲೂಬಾಯಿ ನೋಡಿದರು.

"ಹುತ್ತ ಮುಟ್ಟಬ್ಯಾಡ ತಮ್ಮಾ," ಎಂದರು. "ನಮ್ಮ ಅತ್ತಿ ಕಾಲದಿಂದ ಐತಿ. ಅದು ನಮ್ಮ ಮನಿಗೆ ಬರೂದು ತಡಿ. ಅದರ ಮನಿಗೆ ನೀ ಹೋಗಬ್ಯಾಡ."

ನಾನು ಅವರ ಕೈ ಮುಟ್ಟಿ ಮಾತು ಕೊಟ್ಟೆ.

ಗೋಡೆಯ ಬುಡದಗುಂಟ ತೂತು ಹಾಕಿ ಔಷಧ ಇಳಿಸಿದೆ. ಎರಡು ತಿಂಗಳಿಗೆ ಗೆದ್ದಲು ಮತ್ತೆ ಬಂತು. ಎಲ್ಲೋ ಒಂದು ಸಂದಿ ಬಿಟ್ಟಿದ್ದೆ ಎಂದುಕೊಂಡು ಮತ್ತೆ ಹಾಕಿದೆ. ಮತ್ತೆ ಬಂತು. ಮೂರನೆಯ ಸಲ ಕರೆ ಬಂದಾಗ ಸಾಹೇಬರು ಎಲ್ಲರ ಎದುರಿಗೆ, ಮುದುಕನಾದಿ, ಮನೆಯಲ್ಲಿ ಕೂಡು ಅಂದರು. ಅದು ನನಗೆ ನಾಟಿತು. ತಾಳ್ಮೆಯಿಂದ ಗೋಡೆಯನ್ನು ಮತ್ತೊಮ್ಮೆ ಮೂಲೆ ಮೂಲೆ ಹುಡುಕಬೇಕಾಗಿತ್ತು. ಈಗ ಗೊತ್ತು, ಕೊಟ್ಟಿಗೆಯ ಗೋಡೆ ಮನೆಗೆ ಕೂಡುವ ಕಡೆ ಒಂದು ಬಿರುಕಿತ್ತು, ಅದು ಅಲ್ಲಿಂದ ಬರುತ್ತಿತ್ತು. ಅಂದು ನನ್ನ ತಲೆಯಲ್ಲಿ ಹುತ್ತ ಒಂದೇ ಇತ್ತು.

ಬಿರುಬೇಸಿಗೆ. ಯಲ್ಲೂಬಾಯಿ ಖಾನಾಪುರಕ್ಕೆ ನೆಂಟರ ಮದುವೆಗೆ ಹೋಗಿದ್ದರು. ಸುನೀತಾ ಕೂಸನ್ನು ಕಟ್ಟಿಕೊಂಡು ಅಂಗನವಾಡಿಗೆ ಹೋಗಿದ್ದಳು. ನಾನು ಹುತ್ತವನ್ನು ಮುಟ್ಟಲಿಲ್ಲ. ಮನೆಯ ಕಡೆ ಅಷ್ಟು ದೂರ ನಿಂತು, ಔಷಧ ಇಳಿಸುವ ಉದ್ದನೆಯ ಟೊಳ್ಳು ರಾಡನ್ನು ಓರೆಯಾಗಿ ನೆಲಕ್ಕಿಳಿಸಿ, ಹುತ್ತದ ಬುಡದ ಕೆಳಗೆ ತುದಿ ಹೋಗುವಂತೆ ತಳ್ಳಿ, ತಂದ ಔಷಧವನ್ನೆಲ್ಲ ಒತ್ತಿದೆ. ಮುಟ್ಟಬೇಡ ಅಂದಿದ್ದರು, ಮುಟ್ಟಲಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ತೂತಿಗೆ ಸಿಮೆಂಟು ಮೆತ್ತಿ, ಮೇಲೆ ಕೆಂಪು ಮಣ್ಣು ಸವರಿ, ಕೈ ತೊಳೆದುಕೊಂಡು ಬಸ್ಸು ಹಿಡಿದೆ.

ಈ ಕಸುಬನ್ನು ನಾನು ಕಲಿತದ್ದು ಸಾಹೇಬರ ಊರಿನ ಕಡೆಯ ಕಪ್ಪು ಎರೆಮಣ್ಣಿನಲ್ಲಿ. ಎರೆಮಣ್ಣು ಔಷಧವನ್ನು ಹಾಕಿದ ಜಾಗದಲ್ಲೇ ಹಿಡಿದುಕೊಳ್ಳುತ್ತದೆ. ಬಾವಿಯಿಂದ ಇಷ್ಟು ದೂರ ಬಿಡಬೇಕು ಎಂಬ ನಮ್ಮ ಅಂದಾಜೆಲ್ಲ ಆ ಮಣ್ಣಿನದು. ಜಾಂಬೋಟಿಯದು ಚಿರೆಕಲ್ಲಿನ ನೆಲ, ಒಳಗೆಲ್ಲ ತೂತು. ನೀರು ಹಾಕಿದರೆ ಎಲ್ಲಿ ಹೋಗಿ ಏಳುತ್ತದೆ ಎಂದು ಹೇಳಲಾಗದು. ಅದರ ಮೇಲೆ ನನ್ನ ಓರೆ ರಾಡಿನ ತುದಿ ಬಾವಿಯ ಕಡೆಗೇ ಮುಖ ಮಾಡಿತ್ತು. ಲೆಕ್ಕ ಹಾಕುವಾಗ ನಾನು ನಿಂತ ಜಾಗದಿಂದ ಬಾವಿಗೆ ಎಷ್ಟು ಹೆಜ್ಜೆ ಎಂದು ಎಣಿಸಿದ್ದೆ, ರಾಡಿನ ತುದಿಯಿಂದ ಎಣಿಸಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸುನೀತಾಳ ಫೋನು ಬಂತು. ಎಮ್ಮೆಗಳು ನೀರು ಕುಡಿಯುತ್ತಿಲ್ಲ, ನೀರಿನ ಬಾನಿಗೆ ಮೂತಿ ಇಟ್ಟು ಹಿಂದೆ ಸರಿಯುತ್ತವೆ, ನೀರು ಇವತ್ತು ಸೀಮೆಎಣ್ಣೆಯಂತೆ ನಾರುತ್ತದೆ, ನೀವೇನಾದರೂ ಬಾವಿಯ ಹತ್ತಿರ ಹಾಕಿದ್ದೀರೇನು ಎಂದು ಕೇಳಿದಳು. ಆ ನೀರು ಯಾರೂ ಮುಟ್ಟಬೇಡಿ ಎಂದೆ. ಎರಡು ದಿನದಿಂದ ಕುಡಿದಿದ್ದೇವಲ್ಲ, ಕೂಸಿಗೂ ಕುಡಿಸಿದ್ದೇವಲ್ಲ ಎಂದಳು. ನಾನು ಸಾಹೇಬರಿಗೆ ಹೇಳಿದೆ. ಅವರು ಮೊದಲು ಹೇಳಿದ್ದು, ಒಂದಿಷ್ಟು ಬ್ಲೀಚಿಂಗ್ ಪುಡಿ ಹಾಕಿ ಬಾಯಿ ಮುಚ್ಚಿಕೊಂಡು ಬಾ, ಮಳೆ ಬಂದರೆ ತೊಳೆದು ಹೋಗುತ್ತದೆ ಅಂತ. ನಾನು ಒಂದು ಕ್ಷಣ ಹೂಂ ಅಂದೆ. ಸುಳ್ಳು ಹೇಳುವುದಿಲ್ಲ, ಹೂಂ ಅಂದೆ. ಜಾಂಬೋಟಿಗೆ ಹೋಗುವ ದಾರಿಯುದ್ದಕ್ಕೂ ಆ ಪುಡಿಯ ಪೊಟ್ಟಣ ನನ್ನ ಚೀಲದಲ್ಲಿತ್ತು.

ಅಂಗಳದಲ್ಲಿ ಸುನೀತಾ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ಅದು ನನ್ನನ್ನು ನೋಡಿ ನಕ್ಕಿತು. ಪೊಟ್ಟಣ ಚೀಲದಲ್ಲೇ ಉಳಿಯಿತು. ಇದು ನನ್ನ ಔಷಧ, ನನ್ನ ಲೆಕ್ಕ ತಪ್ಪಿತು, ಈ ನೀರು ವಿಷ ಎಂದು ಮದುವೆಯಿಂದ ಮರಳಿದ್ದ ಯಲ್ಲೂಬಾಯಿಯವರ ಎದುರಿಗೇ ಹೇಳಿದೆ. ಎಲ್ಲರನ್ನೂ ಖಾನಾಪುರದ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಕೂಸನ್ನು ಒಂದು ದಿನ ಇಟ್ಟುಕೊಂಡು, ರಕ್ತ ನೋಡಿ, ಏನೂ ಆಗಿಲ್ಲ ಎಂದರು. ಆ ಒಂದು ದಿನ ನಾನು ದವಾಖಾನೆಯ ಕಟ್ಟೆಯ ಮೇಲೆ ಹೇಗೆ ಕೂತಿದ್ದೆ ಎಂಬುದು ನನಗೇ ಗೊತ್ತು. ನನ್ನ ಮೇಲೆ ನನಗೆ ಅಷ್ಟು ಹೇಸಿಗೆ ಹಿಂದೆಂದೂ ಬಂದಿರಲಿಲ್ಲ.

ನೀರಿನ ವಿಷಯ ಮನೆಯವರಿಗೆ ಹೇಳಿಬಿಟ್ಟೆ ಎಂದು ಸಾಹೇಬರಿಗೆ ತಿಳಿಸಿದೆ. ಅರ್ಧ ತಾಸು ಬೈದರು. ಬೈಯುತ್ತಲೇ ಖಾನಾಪುರದಿಂದ ನೀರಿನ ಟ್ಯಾಂಕರ್ ಗೊತ್ತು ಮಾಡಿದರು, ಮಳೆಗಾಲದವರೆಗೆ ಅದು ದಿನ ಬಿಟ್ಟು ದಿನ ತಪ್ಪಲಿಲ್ಲ. ಆ ಮನುಷ್ಯನನ್ನು ನಾನು ಇಂದಿಗೂ ಸರಿಯಾಗಿ ಅಳೆಯಲಾರೆ.

ಬಾವಿಯ ನೀರೆಲ್ಲ ಎತ್ತಿ ಬಳಿಯುವ ಕೆಲಸ ನನ್ನದಾಯಿತು. ಎತ್ತಿದ ನೀರನ್ನು ಹಳ್ಳಕ್ಕೆ ಬಿಡುವಂತಿರಲಿಲ್ಲ, ಮೀನು ಸಾಯುತ್ತವೆ. ದೂರದ ಬರಡು ಜಾಗದಲ್ಲಿ ಗುಂಡಿ ತೋಡಿ ಇದ್ದಿಲು ತುಂಬಿ ಅದಕ್ಕೆ ಹರಿಸಿದೆ. ಬಾವಿಯ ಕಡೆಯಿಂದ ಅಗೆಯುತ್ತ ವಾಸನೆ ಬಡಿದ ಮಣ್ಣು, ಕಲ್ಲು ಎಲ್ಲ ತೆಗೆದೆ. ಅಗೆಯುತ್ತ ಹುತ್ತದ ಹತ್ತಿರ ಬಂದಾಗ ಯಲ್ಲೂಬಾಯಿ ಅಲ್ಲೇ ನಿಂತಿದ್ದರು. "ಸಾಕು ತಮ್ಮಾ, ಅಲ್ಲಿ ತನಕ ಬ್ಯಾಡ" ಎಂದರು. ಹುತ್ತದ ಕೆಳಗೆ ಏನಿದೆ ಎಂದು ಹೇಳಲು ಅದೇ ಸರಿಯಾದ ಗಳಿಗೆ. ನಾನು ಗುದ್ದಲಿ ಕೆಳಗಿಟ್ಟೆ. ಲೆಕ್ಕ ತಪ್ಪಿತು ಎಂದಷ್ಟೇ ಹೇಳಿದ್ದೆನಲ್ಲ, ಮಾತು ತಪ್ಪಿದೆ ಎಂದು ಹೇಳಲಿಲ್ಲ. ಹೋಗುವಾಗ ಇಲ್ಲದಿದ್ದ ಮಣ್ಣಿನ ತೇಪೆಯನ್ನು ಅವರು ಮದುವೆಯಿಂದ ಬಂದ ದಿನ ನೋಡಿದ್ದರೋ ಇಲ್ಲವೋ, ಅವರೂ ಕೇಳಲಿಲ್ಲ.

ಬೇಸಿಗೆಯಲ್ಲಿ ಮೂರು ಸಲ ಬಾವಿ ಬಳಿದೆವು. ಮಳೆ ಹಿಡಿದು ತುಂಬಿದ ಮೇಲೆ ಮತ್ತೊಮ್ಮೆ ಬಳಿದೆವು. ಬೆಳಗಾವಿಯ ಲ್ಯಾಬಿಗೆ ಬಾಟಲಿಯಲ್ಲಿ ನೀರು ಒಯ್ದು ಕೊಟ್ಟೆ. ಶುದ್ಧ ಎಂದು ಕಾಗದ ಬಂತು. ನನಗೆ ಸಮಾಧಾನವಾಗಲಿಲ್ಲ, ಜೋರು ಮಳೆ ಹೊಯ್ದ ಮೇಲೆ ಇನ್ನೊಮ್ಮೆ ಒಯ್ದೆ. ಮತ್ತೆ ಅದೇ ಕಾಗದ. ಅಷ್ಟು ಹೊತ್ತಿಗೆ ಶ್ರಾವಣ ಬಂದಿತ್ತು, ಪಂಚಮಿಗೆ ಎರಡೇ ದಿನ.

ಕಾಗದ ತೆಗೆದುಕೊಂಡು ಹೋದೆ. ಯಲ್ಲೂಬಾಯಿ ಪಡಸಾಲೆಯಲ್ಲಿ ಕೂತಿದ್ದರು. ಮುಖ ಇಳಿದು ಅರ್ಧವಾಗಿತ್ತು. ಮೈಯಲ್ಲಿ ಆರಾಮ ಇಲ್ಲವೇ ಎಂದು ಕೇಳಿದೆ. ಸುನೀತಾ ಒಳಗಿನಿಂದಲೇ ಸಿಟ್ಟಿನಲ್ಲಿ ಹೇಳಿದಳು: ಮೂರು ತಿಂಗಳಿಂದ ಒಪ್ಪೊತ್ತು ಊಟ, ಸೋಮವಾರ ಅದೂ ಇಲ್ಲ, ಹೇಳಿದರೆ ಕೇಳುವುದಿಲ್ಲ. ಯಾಕೆಂದು ಕೇಳಿದೆ. ಯಲ್ಲೂಬಾಯಿ ಎದ್ದು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು.

ಇಂಥ ಮಳೆಗೆ ಹುತ್ತ ದಿನದಿನಕ್ಕೆ ಬೆಳೆಯಬೇಕು, ತುದಿಯಲ್ಲಿ ಹಸಿ ಮಣ್ಣು ಕಾಣಬೇಕು. ಈ ಹುತ್ತದ ಮೇಲೆ ಹುಲ್ಲು ಎದ್ದಿತ್ತು. ಒಂದು ಮಗ್ಗುಲು ಕುಸಿದು ಒಳಗಿನ ತೂತುಗಳು ತೆರೆದುಕೊಂಡಿದ್ದವು.

"ಬಿಟ್ಟು ಹೋಗೇತಿ," ಎಂದರು. "ಅತ್ತಿ ಕಾಲದಿಂದ ಇದ್ದದ್ದು ನನ್ನ ಕೈಯಾಗ ಬಂದು ಬಿಟ್ಟು ಹೋತು. ಮೊದಲ ಬಾವಿ ಹೋತು, ಆಮ್ಯಾಲ ಇದು. ನನ್ನ ನೇಮದಾಗ ಏನೋ ಚೂಕ, ತಪ್ಪ ಆಗೈತಿ ತಮ್ಮಾ. ಏನಂತ ತಿಳೀವಲ್ತು."

ಕಾಗದವನ್ನು ಮುಂದೆ ಹಿಡಿದೆ. ಬಾವಿ ಹೋಗಿಲ್ಲ ಆಯಿ, ಎರಡು ಸಲ ನೋಡಿಸಿದ್ದೇನೆ, ನೀರು ಚೊಕ್ಕ ಇದೆ ಎಂದೆ. ಅವರು ಕಾಗದ ತೆಗೆದುಕೊಳ್ಳಲಿಲ್ಲ.

"ನನಗ ಓದಾಕ ಬರಂಗಿಲ್ಲ. ಮೊದಲಿನ ಕಾಗದ ಸುನೀತಾ ಓದ್ಯಾಳ, ಆದರೂ ಕೂಸಿಗೆ ಕುಡಸಾಕ ಒಲ್ಲೆ ಅಂತಾಳ. ನೀ ಹೇಳು. ತಪ್ಪಾತು ಅಂತ ಮಾರಿ ಮುಂದ ನಿಂತು ಹೇಳಿದಾಂವ ನೀ. ನಿನ್ನ ಮಾತಿನ ಮ್ಯಾಲ ಕುಡೀತೀನಿ. ಕುಡೀಲೇನು?"

ಕುಡೀರಿ ಎಂದು ಹೇಳಿದರೆ ಮುಗಿಯುತ್ತಿತ್ತು. ನೀರು ನಿಜವಾಗಿಯೂ ಶುದ್ಧವಿತ್ತು. ಆದರೆ ಆ ಹೆಂಗಸು ಹಸಿದುಕೊಂಡು ನಿಂತಿದ್ದು ನನ್ನ ಓರೆ ರಾಡಿನ ದೆಸೆಯಿಂದ. ನಾನು ಹೇಳಿದೆ. ನೀವು ಮದುವೆಗೆ ಹೋದ ದಿನ ಹುತ್ತದ ಕೆಳಗೆ ನಾನೇ ಔಷಧ ಬಿಟ್ಟೆ, ಮುಟ್ಟಿಲ್ಲ ಅನ್ನಿಸಿಕೊಳ್ಳಲಿಕ್ಕೆ ದೂರದಿಂದ ಬಿಟ್ಟೆ, ಬಾವಿಗೆ ಹೋದದ್ದೂ ಅಲ್ಲಿಂದಲೇ, ನಿಮ್ಮ ನೇಮದಲ್ಲಿ ಏನೂ ತಪ್ಪಿಲ್ಲ. ಹೇಳುತ್ತ ನಾನು ಅವರ ಮುಖ ನೋಡಲಿಲ್ಲ, ಹುತ್ತದ ಮೇಲಿನ ಹುಲ್ಲು ನೋಡುತ್ತಿದ್ದೆ.

ಅವರು ನನ್ನ ಕಡೆ ತಿರುಗಿದರು. ಆಮೇಲೆ ಬೈದರು. ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸಿದರು. ನನ್ನ ತಾಯಿಯೂ ನನ್ನನ್ನು ಹಾಗೆ ಬೈದಿರಲಿಲ್ಲ. ನಾನು ಕೈಕಟ್ಟಿ ನಿಂತಿದ್ದೆ. ಕೊನೆಗೆ ದನಿ ತಗ್ಗಿಸಿ, "ಮೂರ ತಿಂಗಳ ನಾ ನನ್ನ ಬೈಕೊಂಡೆ. ನೀ ದಿನಾ ಇಲ್ಲೇ ಬಂದು ಮಣ್ಣ ಅಗದಿ. ಒಂದು ಮಾತ ಹೇಳಲಿಲ್ಲ" ಎಂದರು.

"ಹೇಳಲಿಲ್ರಿ ಆಯಿ."

ಅವರು ಹುತ್ತದ ಹತ್ತಿರ ಹೋಗಿ, ಕುಸಿದ ಮಣ್ಣನ್ನು ಕೈಯಿಂದ ಬುಡಕ್ಕೆ ಒತ್ತರಿಸಿ, ಸೆರಗು ತಲೆಯ ಮೇಲೆ ಹೊದ್ದು ನಮಸ್ಕಾರ ಮಾಡಿದರು. ಆಮೇಲೆ ನೇರ ಬಾವಿಗೆ ನಡೆದರು. ಹಗ್ಗ ಬಿಟ್ಟು ಕೊಡ ಸೇದಿದರು, ನಾನು ಕೈ ಹಚ್ಚಲು ಹೋದರೆ ಮೊಣಕೈಯಿಂದ ದೂಡಿದರು. ಕಟ್ಟೆಯ ಮೇಲಿದ್ದ ತಂಬಿಗೆ ತೊಳೆದು ತುಂಬಿಸಿದರು. ಸುನೀತಾ ಕೂಸನ್ನೆತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು.

ಮೊದಲು ನಾನು ಕುಡಿಯುತ್ತೇನೆ ಎಂದು ಕೈ ಚಾಚಿದೆ. ಅವರು ತಂಬಿಗೆಯನ್ನು ಹಿಂದಕ್ಕೆ ಎಳೆದುಕೊಂಡರು.

"ನೀ ಕುಡದರ ನನಗೇನ ತಿಳೀತೈತಿ? ಮದಲ ಕೇಳಿದಾಗ ನೀ ಒಂದು ಮುಚ್ಚಿಟ್ಟಾಂವ ಇದ್ದಿ. ಈಗ ಏನೂ ಇಲ್ಲಲ್ಲ?"

"ಇಲ್ರಿ."

"ಹಂಗಾರ ಈಗ ಹೇಳು. ಕುಡೀಲೇನು?"

"ಕುಡೀರಿ ಆಯಿ," ಎಂದೆ.

ಅವರು ನನ್ನ ಮುಖದ ಮೇಲಿಂದ ಕಣ್ಣು ತೆಗೆಯದೆ ಅರ್ಧ ತಂಬಿಗೆ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು, ಉಳಿದದ್ದನ್ನು ನನ್ನ ಕೈಗೆ ಕೊಟ್ಟರು.